ಅತ್ತೆಯ ವಿಭೂತಿ ಮತ್ತು ನನ್ನ ಮೂಗಿನ ಹುಳ

ನಿಮ್ಮ ಮೂಗಿನಲ್ಲಿ ಹುಳ ಇದೆ ಎಂದು ಯಾರಾದರೂ ಹೇಳಿದರೆ ಏನು ಮಾಡುತ್ತೀರಿ? ನಾನು ಮೊದಲು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಆಮೇಲೆ ಸಿಟ್ಟು ಬಂತು. ಹಳಿಯಾಳದ ಹತ್ತಿರದ ಹಳ್ಳಿಯೊಂದರ ಪ್ರಾಥಮಿಕ ಶಾಲೆಯಲ್ಲಿ ನಾನು ಅಕ್ಕೋರು, ಅಂದರೆ ಟೀಚರು. ನೌಕರಿಗೆ ಸೇರಿದಾಗಿನಿಂದ "ಮೂಗ ಒರಸ್ಕೊಂಡ ಬಾ, ಕೈ ತೊಳಕೊಂಡ ಬಾ" ಎಂದು ಮಕ್ಕಳ ಬೆನ್ನು ಹತ್ತಿದವಳು. ಅಂಥ ನನಗೇ ಈ ಮಾತು!

ಇದನ್ನು ಬರೆಯುತ್ತಿರುವುದು ಡಯಾಲಿಸಿಸ್‌ಗೆ ಹೋಗುವವರಿಗಾಗಿ ಮತ್ತು ಅವರ ಮನೆಯವರಿಗಾಗಿ. ನನಗೆ ಇದೆಲ್ಲ ಆಗುತ್ತಿದ್ದಾಗ "ನನಗೂ ಹೀಗಾಗಿತ್ತು" ಎನ್ನುವ ಒಬ್ಬರೂ ಸಿಕ್ಕಿರಲಿಲ್ಲ. ಜಗತ್ತಿನಲ್ಲಿ ನನ್ನ ಮೂಗೊಂದೇ ಕೆಟ್ಟದ್ದು ಎಂದುಕೊಂಡಿದ್ದೆ.

ಕಿಡ್ನಿಗಳು ಕೈ ಕೊಟ್ಟ ಕಥೆಯನ್ನು ಉದ್ದ ಮಾಡುವುದಿಲ್ಲ. ಬಿ.ಪಿ. ಒಳಗೊಳಗೇ ತನ್ನ ಕೆಲಸ ಮಾಡಿ ಮುಗಿಸಿತ್ತು, ಗೊತ್ತಾಗುವ ಹೊತ್ತಿಗೆ ಡಯಾಲಿಸಿಸ್ ಬಿಟ್ಟು ಬೇರೆ ದಾರಿ ಇರಲಿಲ್ಲ. ರಕ್ತ ಹೊರಗೆ ಬಂದು, ಯಂತ್ರದಲ್ಲಿ ಸ್ವಚ್ಛವಾಗಿ, ಮತ್ತೆ ಒಳಗೆ ಹೋಗಬೇಕಲ್ಲ? ಅದಕ್ಕೆಂದು ಕುತ್ತಿಗೆಯ ಕೆಳಗೆ, ಎದೆಯ ಬಲಭಾಗದಲ್ಲಿ, ಒಂದು ಪೈಪು ಹಾಕಿದರು. ಇದು ತಾತ್ಕಾಲಿಕ ಎಂದರು. ಮುಂದೆ ಕೈಯಲ್ಲಿ ಒಂದು ಸಣ್ಣ ಆಪರೇಶನ್ ಮಾಡಿ ಎರಡು ರಕ್ತನಾಳ ಜೋಡಿಸುತ್ತಾರೆ, ಅದಕ್ಕೆ ಫಿಸ್ಟುಲಾ ಅನ್ನುತ್ತಾರೆ, ಅದು ಬಲಿತ ಮೇಲೆ ಪೈಪು ತೆಗೆದುಬಿಡುತ್ತಾರೆ. ಅಲ್ಲಿಯವರೆಗೆ ಆ ಪೈಪೇ ನನ್ನ ಜೀವ. ಜೊತೆಗೆ, ಹೊರಗಿನ ಕೊಳೆ ಸೀದಾ ರಕ್ತಕ್ಕೆ ಇಳಿಯುವ ಬಾಗಿಲೂ ಅದೇ.

ವಾರಕ್ಕೆ ಎರಡು ಸಲ ಹಳಿಯಾಳದ ಆಸ್ಪತ್ರೆಗೆ ಹೋಗುತ್ತಿದ್ದೆ. ಡಯಾಲಿಸಿಸ್ ಕೋಣೆಯ ಹೊರಗೆ ಒಂದು ಉದ್ದನೆಯ ಬೆಂಚು. ನಮ್ಮ ಪಾಳಿ ಬರುವವರೆಗೆ ಎಲ್ಲರೂ ಅಲ್ಲೇ. ಜೋಯಿಡಾ ಕಡೆಯವರು ಕೊಂಕಣಿಯಲ್ಲಿ ಮಾತಾಡಿಕೊಳ್ಳುವರು, ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳಿಂದಾಗಿ ಬಸ್ಸು ತಡವಾಯಿತೆಂದು ಯಾರೋ ಏದುಸಿರು ಬಿಡುತ್ತ ಬರುವರು. ದಾಂಡೇಲಿಯಿಂದ ಬರುತ್ತಿದ್ದ ಮೌಲಾಸಾಬರು ನಮ್ಮೆಲ್ಲರ ಹಿರಿಯರು. ಇದ್ದವರಲ್ಲಿ ಹಳೆಯ ಪೇಶಂಟು ಎನ್ನುವ ಹೆಮ್ಮೆ ಅವರಿಗೆ. ಹೊಸಬರು ಅಳುತ್ತ ಬಂದರೆ "ಅಳಬ್ಯಾಡ್ರಿ, ಕಣ್ಣೀರೂ ನೀರ ನೋಡ್ರಿ, ಅದನೂ ಡಾಕ್ಟರ ಲೆಕ್ಕಾ ಹಿಡೀತಾರ" ಎಂದು ನಗಿಸುತ್ತಿದ್ದರು. ನಮಗೆಲ್ಲ ಕುಡಿಯುವ ನೀರು ಅಳತೆಯ ಮೇಲೆ, ಅದಕ್ಕೆ ಆ ಮಾತು.

ಒಂದು ದಿನ ಯಂತ್ರಕ್ಕೆ ಜೋಡಿಸಿ ಸ್ವಲ್ಪ ಹೊತ್ತೂ ಆಗಿರಲಿಲ್ಲ, ಬೆನ್ನಿನೊಳಗಿಂದ ಚಳಿ ಎದ್ದಿತು. ಎಂಥ ಚಳಿ ಅಂತೀರಿ, ಹಲ್ಲು ಕಟಕಟ, ಮಂಚ ಗಡಗಡ. ರೇಣುಕಾ ಸಿಸ್ಟರ್ ಓಡಿಬಂದು ಕಂಬಳಿ ಹೊದಿಸಿದರು, ಪಕ್ಕದ ಮಂಚದವರ ಕಂಬಳಿಯನ್ನೂ ಹೊದಿಸಿದರು. ಇನ್ನು ಮುಗಿಯಿತು ಎಂದೇ ನಾನು ತಿಳಿದೆ. ಹೆದರಿಕೆ ಎಂದರೆ ಏನು ಎಂದು ಆ ದಿನ ಗೊತ್ತಾಯಿತು. ಪೈಪಿನ ಮೂಲಕ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿದಿತ್ತು. ಧಾರವಾಡದ ದೊಡ್ಡ ಆಸ್ಪತ್ರೆಗೆ ಕರೆದೊಯ್ದರು. ಆ ಪೈಪು ತೆಗೆದು ಇನ್ನೊಂದು ಬದಿಗೆ ಹೊಸದು ಹಾಕಿದರು. ಮೊದಲು ಕೊಟ್ಟ ಔಷಧಕ್ಕೆ ಜ್ವರ ಜಗ್ಗಲಿಲ್ಲ. ರಕ್ತದ ವರದಿ ಬಂದ ಮೇಲೆ ಔಷಧ ಬದಲಾಯಿಸಿದರು. ಆಗ ನಿಧಾನವಾಗಿ ಜ್ವರ ಇಳಿಯಿತು.

"ಇದು ಮೊಂಡ ಜಾತಿ ಐತ್ರಿ," ಎಂದರು ಡಾಕ್ಟರು. "ಸಾದಾ ಔಷಧಕ್ಕ ಬಗ್ಗೂದಿಲ್ಲ. ಅದನ್ನ ಬಗ್ಗಸೂ ಔಷಧ ನಮ್ಮ ಕಡೆ ಭಾಳ ಇಲ್ಲ. ಅದಕ್ಕ ಮತ್ತ ಮತ್ತ ಬರದಂಗ ನೋಡ್ಕೋಬೇಕು."

ನನಗೆ ತಕ್ಷಣ ಹೊಳೆದದ್ದು ನಮ್ಮ ಶಾಲೆಯ ಕೆಲವು ಹುಡುಗರು. ಬೈದು ಬೈದು ರೂಢಿಯಾದ ಮೇಲೆ ಅವರಿಗೆ ಯಾವ ಬೈಗುಳವೂ ನಾಟುವುದಿಲ್ಲ.

ಆಮೇಲೆ ಮೂಗಿಗೆ ಹತ್ತಿ ಸುತ್ತಿದ ಕಡ್ಡಿ ಹಾಕಿ ತಿರುವಿ ಪರೀಕ್ಷೆಗೆ ಕಳಿಸಿದರು. ಅದೇ ಮೊಂಡ ಜಾತಿ ನನ್ನ ಮೂಗಿನಲ್ಲಿ ಮನೆ ಮಾಡಿಕೊಂಡು ಸುಮ್ಮನೆ ಕುಳಿತಿತ್ತು. ಮೂಗಿನಲ್ಲಿ ಇದ್ದರೆ ಅದು ಏನೂ ಮಾಡುವುದಿಲ್ಲವಂತೆ. ನೆಗಡಿ ಇಲ್ಲ, ನೋವಿಲ್ಲ. ಆದರೆ ಮೂಗಿನಿಂದ ಕೈಗೆ, ಕೈಯಿಂದ ಚರ್ಮಕ್ಕೆ, ಚರ್ಮದಿಂದ ಪೈಪಿಗೆ ದಾಟಿದರೆ ಮತ್ತೆ ಆ ಚಳಿ. ಇನ್ನೊಮ್ಮೆ ಆ ಚಳಿ ಬಂದರೆ ನಾನು ಉಳಿಯುತ್ತೇನೋ ಇಲ್ಲವೋ ಹೇಳಲಾಗದು ಎಂದು ಡಾಕ್ಟರು ಬಾಯಿಬಿಟ್ಟು ಹೇಳಲಿಲ್ಲ, ನಮ್ಮ ಮನೆಯವರ ಮುಖ ನೋಡಿ ನಾನೇ ತಿಳಿದುಕೊಂಡೆ. ಮೊದಲು ಮೂಗು ಸ್ವಚ್ಛವಾಗಬೇಕು, ಆಮೇಲೆ ಕೈಯ ಆಪರೇಶನ್, ಆಮೇಲೆ ಪೈಪಿನಿಂದ ಬಿಡುಗಡೆ. ಹೀಗೆ ಸಾಲಾಗಿ ಹೇಳಿದರು.

ಮೂಗಿಗೆ ಹಚ್ಚುವ ಮುಲಾಮು, ಸ್ನಾನಕ್ಕೆ ಗುಲಾಬಿ ಬಣ್ಣದ ಔಷಧಿ, ನನಗೇ ಬೇರೆ ಟವೆಲ್ಲು, ತಲೆದಿಂಬಿನ ಚೀಲ ಬಿಸಿನೀರಿನಲ್ಲಿ ಕುದಿಸಿ ಒಗೆಯುವುದು. ಹಳಿಯಾಳದ ಆಸ್ಪತ್ರೆಯಲ್ಲಿ ನನ್ನನ್ನು ಮೂಲೆಯ ಮಂಚಕ್ಕೆ ಹಾಕಿದರು. ಅದು ಎಲ್ಲರ ಒಳ್ಳೆಯದಕ್ಕೇ ಎಂದು ಬುದ್ಧಿಗೆ ಗೊತ್ತು. ಆದರೂ ಬೆಂಚಿನ ಮೇಲೆ ನಾನು ಕುಳಿತರೆ ಪಕ್ಕದವರು ಮೆಲ್ಲಗೆ ದೂರ ಸರಿಯುವುದನ್ನು ಕಂಡಾಗ ಎದೆ ಚುರ್ ಎನ್ನುತ್ತಿತ್ತು. ಕೆಲವೇ ದಿನಗಳಲ್ಲಿ ಎಲ್ಲರ ಮೂಗಿಗೂ ಕಡ್ಡಿ ಹಾಕಿದರು. ಮೌಲಾಸಾಬರ ಮೂಗಿನಲ್ಲೂ ಅದೇ ಸಿಕ್ಕಿತು. ಅವರು ಕೋಲೂರುತ್ತ ಬಂದು ನನ್ನ ಪಕ್ಕದಲ್ಲೇ ಕುಳಿತರು.

"ಅಕ್ಕೋರ, ಇನ್ನ ನಾವು ನೀವು ಬೀಗರ ಆದ್ವಿ ನೋಡ್ರಿ. ನಿಮ್ಮ ಮನಿ ಮಂದಿ ನಮ್ಮ ಮೂಗಿನ್ಯಾಗ, ನಮ್ಮ ಮನಿ ಮಂದಿ ನಿಮ್ಮ ಮೂಗಿನ್ಯಾಗ!"

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ನಾನೂ ಎಷ್ಟೋ ದಿನಗಳ ಮೇಲೆ ನಕ್ಕೆ. ಆ ನಗುವಿಗೆ ನಾನು ಅವರಿಗೆ ಋಣಿ.

ಮುಲಾಮು ಮುಗಿಸಿದ ಮೇಲೆ ಪರೀಕ್ಷೆ ಮಾಡಿದರು. ಮೂಗು ಸ್ವಚ್ಛ! ಆಪರೇಶನ್ನಿಗೆ ಹೋಗುವ ಮುನ್ನ ಖಾತ್ರಿಗೆಂದು ಇನ್ನೊಮ್ಮೆ ಕಡ್ಡಿ ಹಾಕಿದರು. ಅದು ಮತ್ತೆ ಬಂದು ಕುಳಿತಿತ್ತು. ಮತ್ತೆ ಮುಲಾಮು, ಮತ್ತೆ ಗುಲಾಬಿ ಸ್ನಾನ, ಮತ್ತೆ ಸ್ವಚ್ಛ, ಮತ್ತೆ ವಾಪಸು. ಆಪರೇಶನ್ ಮುಂದೆ ಹೋಗುತ್ತಲೇ ಇತ್ತು.

ಈಗ ನಮ್ಮ ಅತ್ತೆಯ ವಿಷಯಕ್ಕೆ ಬರಬೇಕು. ಅವರ ಹೆಸರು ನೀಲವ್ವ. ಮಾತು ಕಡಿಮೆ, ಹುಬ್ಬು ಗಂಟು ಹೆಚ್ಚು. ನಮ್ಮ ಮನೆಯವರದು ಹಳಿಯಾಳದ ಪೇಟೆಯಲ್ಲಿ ಬೀಜ-ಗೊಬ್ಬರದ ಅಂಗಡಿ, ನಾನು ಶಾಲೆಗೆ ಹೋದರೆ ಮನೆಯ ಕಾರಭಾರ ಪೂರ್ತಿ ಅವರದೇ. ನಾನು ಸೊಸೆಯಾಗಿ ಬಂದಾಗಿನಿಂದ ಜಗಳವಾಡಿದ್ದು ಇಲ್ಲ, ಪ್ರೀತಿಯಿಂದ ಬೆನ್ನು ಸವರಿದ್ದೂ ಇಲ್ಲ. ಅವರಿಗಿದ್ದ ಚಟ ಒಂದೇ, ತಪಕೀರು. ಅದೇ, ಕೆಲವರು ನಶ್ಯ ಅನ್ನುತ್ತಾರಲ್ಲ, ಆ ಪುಡಿ. ಸೊಂಟದ ಚೀಲದಿಂದ ಡಬ್ಬಿ ತೆಗೆದು, ಒಂದು ಚಿಟಿಕೆ ಮೂಗಿಗೆ ಏರಿಸಿ, ಬೆರಳನ್ನು ಸೆರಗಿಗೆ ಒರೆಸಿಕೊಂಡರೆ ಮುಂದಿನ ಕೆಲಸಕ್ಕೆ ಸಿದ್ಧ.

ನನಗೆ ಡಯಾಲಿಸಿಸ್ ಶುರುವಾದ ಮೇಲೆ ಅತ್ತೆ ಒಂದು ಹೊಸ ಪದ್ಧತಿ ಹಿಡಿದರು. ನಾನು ಆಸ್ಪತ್ರೆಗೆ ಹೊರಡುವ ಮುಂಜಾನೆ ಲಿಂಗಪೂಜೆ ಮುಗಿಸಿ, ಒಂದು ಚಿಟಿಕೆ ತಪಕೀರು ಏರಿಸಿ, ವಿಭೂತಿಗಟ್ಟಿ ಹಿಡಿದು ಬಾಗಿಲಿಗೆ ಬರುವರು. ಬೆರಳು ತೋಯಿಸಿ ಗಟ್ಟಿಗೆ ತಿಕ್ಕಿ ನನ್ನ ಹಣೆಗೆ ಮೂರು ಬೆರಳಿನ ವಿಭೂತಿ ಎಳೆಯುವರು. ಆಮೇಲೆ ಕುಪ್ಪಸದ ಕೊರಳು ಸ್ವಲ್ಪ ಸರಿಸಿ, ಪೈಪು ಒಳಗೆ ಹೋಗುವಲ್ಲಿಯ ಪಟ್ಟಿಯ ಮೇಲೆಯೂ ಬೆರಳೊತ್ತಿ ವಿಭೂತಿ ಹಚ್ಚುವರು. "ಶಿವನ, ಇಲ್ಲಿಂದ ಒಳಗ ಹೋಗೂದೆಲ್ಲಾ ಛಲೋದ ಹೋಗ್ಲಿ" ಎಂದು ಕಣ್ಣು ಮುಚ್ಚುವರು.

ಆ ಬೆರಳುಗಳು ನನ್ನ ಎದೆಯ ಮೇಲಿದ್ದಷ್ಟು ಹೊತ್ತು ನನಗೆ ಯಾವ ಹೆದರಿಕೆಯೂ ಇರುತ್ತಿರಲಿಲ್ಲ. ಇದನ್ನು ಹೇಳಲೇಬೇಕು. ಕಿಡ್ನಿ ಹೋದದ್ದರಿಂದ ನನಗೆ ಸಿಕ್ಕ ಒಂದೇ ಒಂದು ಲಾಭ ಅದು, ಅತ್ತೆಯ ಕೈ.

ಮೂರನೆಯ ಸಲವೂ ಮೂಗಿನಲ್ಲಿ ಅದು ಸಿಕ್ಕಾಗ ರೇಣುಕಾ ಸಿಸ್ಟರ್ ಪಟ್ಟಿ ಬಿಚ್ಚುತ್ತ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಅಕ್ಕೋರ, ಇದೇನ್ರಿ, ಪ್ರತಿಸಲ ಇಲ್ಲಿ ಬೂದಿ ಬೂದಿ ಇರ್ತೈತಿ?"

ನಾನು ಬಾಯಿ ಬಿಡುವ ಮೊದಲೇ ಪಕ್ಕದಲ್ಲಿದ್ದ ನಮ್ಮ ಮನೆಯವರು ಹೆಮ್ಮೆಯಿಂದ ಹೇಳಿದರು: "ವಿಭೂತಿ ರೀ. ನಮ್ಮವ್ವ ಹಚ್ತಾಳ."

ಧಾರವಾಡದ ಡಾಕ್ಟರಿಗೆ ಸುದ್ದಿ ಹೋಯಿತು. ಅವರು ಬೈಯಲಿಲ್ಲ. ವಿಭೂತಿ ಹಣೆಗೆ ಮಾತ್ರ ಇರಲಿ, ಅದನ್ನೂ ನಾನೇ ಹಚ್ಚಿಕೊಳ್ಳಲಿ, ಪಟ್ಟಿಯ ಹತ್ತಿರ ಯಾರ ಬೆರಳೂ ಬೇಡ, ಮನೆಯವರ ಮೂಗನ್ನೂ ಪರೀಕ್ಷೆ ಮಾಡಿಸೋಣ, ತಪಕೀರು ಏರಿಸುವವರದು ಮೊದಲು ಎಂದರು. ಇದನ್ನು ಅತ್ತೆಗೆ ಹೇಗೆ ಹೇಳುವುದು ಎಂದು ನಾನು ದಾರಿಯುದ್ದಕ್ಕೂ ಮಾತು ಜೋಡಿಸುತ್ತ ಬಂದೆ. ನಮ್ಮ ಮನೆಯವರು ಚಪ್ಪಲಿ ಬಿಡುತ್ತಲೇ ಎಲ್ಲ ಕೆಲಸ ಮುಗಿಸಿಬಿಟ್ಟರು.

"ಅವ್ವಾ, ನಿನ್ನ ಮೂಗಿನ್ಯಾಗ ಹುಳಾ ಅದಾವಂತ. ಇನ್ನಮ್ಯಾಲೆ ಗಿರಿಜಾನ್ನ ಮುಟ್ಟಬ್ಯಾಡ."

ಮರುದಿನ ಅತ್ತೆ ಆಸ್ಪತ್ರೆಯವರು ಹೇಳಿದಂತೆ ಮೂಗಿನ ಪರೀಕ್ಷೆ ಮಾಡಿಸಿಕೊಂಡರು, ಮನೆಗೆ ಬಂದು ಸೀರೆ ಮಡಚಿ ಚೀಲಕ್ಕೆ ತುಂಬಿ, ನಮ್ಮ ಜಿಲ್ಲೆಯದೇ ಹಳ್ಳಿಯಾದ ಇಂದೂರಿನಲ್ಲಿರುವ ಮಗಳು ಪಾರ್ವತಿಯ ಮನೆಗೆ ಹೊರಟೇಬಿಟ್ಟರು. ಅವರ ವರದಿ ಬಂದಾಗ ಅವರು ಮನೆಯಲ್ಲಿರಲಿಲ್ಲ. ಅವರ ಮೂಗಿನಲ್ಲೂ ಅದೇ ಇತ್ತು. ನಮ್ಮ ಮನೆಯವರದು ಸ್ವಚ್ಛ. ಅದನ್ನು ಅವರು ಊರಿಗೆಲ್ಲ ಹೇಳಿಕೊಂಡು ಬಂದರು ಅನ್ನುವುದು ಬೇರೆ ಮಾತು.

ಮತ್ತೆ ಮುಲಾಮು ಹಚ್ಚಿಕೊಂಡೆ. ಈ ಸಲ ಸ್ವಚ್ಛವಾದ ಮೂಗು ಸ್ವಚ್ಛವಾಗಿಯೇ ಉಳಿಯಿತು. ಎಲ್ಲರಿಗೂ ಖುಷಿ. ನಾನು ಮಾತ್ರ ಆಸ್ಪತ್ರೆಗೆ ಹೊರಡುವ ಮುಂಜಾನೆ ಬಾಗಿಲಲ್ಲಿ ಸುಮ್ಮನೆ ನಿಲ್ಲುತ್ತಿದ್ದೆ. ಅತ್ತೆ ಅವಮಾನದಿಂದ ಹೋದರು, ಇನ್ನು ಈ ಮನೆಗೆ ಬರುವುದಿಲ್ಲ, ಬಂದರೂ ನನ್ನ ಹತ್ತಿರ ಸುಳಿಯುವುದಿಲ್ಲ ಎಂದು ನೆನೆದು ಅಳುತ್ತಿದ್ದೆ. ಪೈಪು ಹಾಕುವಾಗಲೂ ನಾನು ಅಷ್ಟು ಅತ್ತಿರಲಿಲ್ಲ.

"ಆಪರೇಶನ್ ಆಗೂತನಾ ಅಲ್ಲೇ ಇರ್ಲಿ ಬಿಡು," ಎಂದರು ನಮ್ಮ ಮನೆಯವರು. "ಬಂದ್ರ ಮತ್ತ ಅದ ಹಾಡು."

"ಅವರಿಗೂ ಮುಲಾಮ ಹಚ್ಚಬೇಕ್ರಿ. ಅವರಿಗೆ ಸಕ್ಕರಿ ಬ್ಯಾನಿ ಐತಿ, ಕಾಲಾಗ ಗಾಯ ಐತಿ. ಅದು ಅವರ ಗಾಯಕ್ಕ ಇಳದ್ರ ಏನ್ ಮಾಡ್ತೀರಿ?" ಎಂದೆ.

ಅತ್ತೆಯನ್ನು ಕರೆತರಲು ಹೋಗುವ ಮೊದಲು ಡಾಕ್ಟರಿಗೆ ಫೋನು ಮಾಡಿ ಒಂದು ಪ್ರಶ್ನೆ ಕೇಳಿದೆ. ಇದು ಅವರಿಂದ ನನಗೆ ಬಂತೋ, ನನ್ನಿಂದ ಅವರಿಗೆ ಹೋಯಿತೋ? ಅವರು "ಖಾತ್ರಿ ಹೇಳಾಕ ಆಗೂದಿಲ್ರಿ. ಆದ್ರ ಇಂಥ ಮೊಂಡ ಜಾತಿ ದವಾಖಾನಿಗೆ ಅಡ್ಡ್ಯಾಡೂರ ಮೈಮ್ಯಾಲೆ ಕುಂತ ಮನಿಗೆ ಬರೂದ ಹೆಚ್ಚು. ಮೊದಲ ನಿಮ್ಮಿಂದನ ಅವರಿಗೆ ಹೋಗಿರಬೇಕು. ಆಮ್ಯಾಲೆ ನಿಮ್ಮ ಮೂಗ ಸ್ವಚ್ಛ ಆದಾಗೆಲ್ಲಾ ಅವರಿಂದ ವಾಪಸ್ ಬಂದೈತಿ" ಎಂದರು. ಫೋನು ಇಟ್ಟು ನಾನು ತಕ್ಷಣ ಸೀರೆ ಉಟ್ಟುಕೊಂಡೆ. ಬಸ್ಸು ಬದಲಿಸುತ್ತ ಬದಲಿಸುತ್ತ ಇಂದೂರು ಮುಟ್ಟಿದೆ.

ಅತ್ತೆ ಪಾರ್ವತಿಯ ಮನೆಯಂಗಳದಲ್ಲಿ ಗೋವಿನಜೋಳದ ತೆನೆ ಬಿಡಿಸುತ್ತ ಕುಳಿತಿದ್ದರು. ನನ್ನನ್ನು ಕಂಡವರೇ ಮೂಗಿನ ಮೇಲೆ ಸೆರಗು ಎಳೆದುಕೊಂಡರು.

"ದೂರ ನಿಂದ್ರು. ಯಾಕ ಬಂದಿ?"

"ಕರ್ಕೊಂಡ ಹೋಗಾಕ ಬಂದೇನ್ರಿ ಅತ್ತಿ."

"ಮೂಗಿನ್ಯಾಗ ಹುಳಾ ಇಟ್ಕೊಂಡಾಕಿನ್ನ ಯಾರರ ಮನಿಗೆ ಕರೀತಾರ?"

"ಆ ಹುಳಾ ನಿಮ್ದಲ್ರಿ, ನಂದು. ದವಾಖಾನಿಂದ ನಾ ತಂದದ್ದು. ನೀವ ನನ್ನ ಮುಟ್ಟಿದ್ದಕ್ಕ ನಿಮಗ ಹತ್ತೇತಿ. ಡಾಕ್ಟರ ಹಂಗ ಅಂದ್ರು."

ಅವರ ಕೈಯಲ್ಲಿದ್ದ ತೆನೆ ಹಾಗೆಯೇ ನಿಂತಿತು. "ಖರೇ ಹೇಳ್ತಿ?"

"ಖಾತ್ರಿ ಇಲ್ಲಂದ್ರು. ಆದ್ರ ಹಂಗ ಇರಬೇಕಂದ್ರು."

ಅತ್ತೆ ಒಳಗಿದ್ದ ಮಗಳನ್ನು ಕೂಗಿದರು. "ಪಾರೂ, ಕೇಳಿದೇನ? ಇಷ್ಟ ವರ್ಷಕ್ಕ ಸೊಸಿ ಕಡಿಂದ ನನಗೇನರ ಬಂದೈತಿ ಅಂದ್ರ ಇದೊಂದ ನೋಡು!" ಎಂದು ನಗಲು ಶುರು ಮಾಡಿದವರು ನಗುನಗುತ್ತಲೇ ಅಳತೊಡಗಿದರು. ನೀಲವ್ವ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನಾ ಸಿಟ್ಟಾಗಿ ಬಂದೇನಿ ಅಂತ ತಿಳದೇನ ಗಿರಿಜಾ? ಸಿಟ್ಟಲ್ಲವಾ ಅದು. ನಾ ಹಚ್ಚಿದ ವಿಭೂತಿಲೇನ ನಿನಗ ಆ ಚಳಿಜ್ವರ ಬಂತು, ಶಿವಾ ಅಂದ್ಕೋತ ನನ್ನ ಕೈಯಾರೆ ನಿನ್ನ ಕೊಲ್ಲಾಕ ಹತ್ತಿದ್ದೆ ಅಂತ ಹೆದರಿ ಓಡಿ ಬಂದೆ. ಮನ್ಯಾಗಿದ್ರ ಕೈ ತಡಿಯೂದಿಲ್ಲ, ಮತ್ತ ಮುಟ್ಟತೇನಿ ಅಂತ ಬಂದೆ."

ಅವಮಾನ ಎಂದು ನಾನು ತಿಳಿದದ್ದು ಹೆದರಿಕೆಯಾಗಿತ್ತು. ಹೆದರಿಕೆಯನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಹತ್ತಿರ ಹೋಗಿ ಕುಳಿತು ತೆನೆ ಬಿಡಿಸಲು ಕೈ ಹಾಕಿದೆ. ಅವರು ನನ್ನ ಕೈಯಿಂದ ತೆನೆ ಕಸಿದುಕೊಂಡು, "ಮೊದಲ ಕೈ ತೊಳಕೊಂಡ ಬಾ" ಎಂದು ಗದರಿದರು. ನಾನು ಎದ್ದು ಹೋಗಿ ತೊಳೆದುಕೊಂಡು ಬಂದೆ.

ಮನೆಗೆ ಬಂದ ಮೇಲೆ ಶುರುವಾಯಿತು ನಮ್ಮಿಬ್ಬರ ಮೂಗಿನ ವ್ರತ. ನನ್ನ ಮೂಗು ಸ್ವಚ್ಛವಿದ್ದರೂ ಡಾಕ್ಟರು ಇಬ್ಬರಿಗೂ ಒಂದೇ ಹೊತ್ತಿಗೆ ಮುಲಾಮು ಹಚ್ಚಲು ಹೇಳಿದ್ದರು, ಒಬ್ಬರು ಸ್ವಚ್ಛವಾಗಿ ಇನ್ನೊಬ್ಬರು ಉಳಿದರೆ ಅದು ಮತ್ತೆ ಓಡಾಡುತ್ತದೆಂದು. ಮುಂಜಾನೆ, ಸಂಜೆ ಅತ್ತೆ-ಸೊಸೆ ಕಟ್ಟೆಯ ಮೇಲೆ ಎದುರುಬದುರು ಕುಳಿತು, ಕಡ್ಡಿಯಿಂದ ಮೂಗಿಗೆ ಮುಲಾಮು ಸವರಿಕೊಂಡು, ಮೂಗು ಒತ್ತಿ ಹಿಡಿದುಕೊಂಡು ಕೂರುತ್ತಿದ್ದೆವು. ಹಾದಿಯಲ್ಲಿ ಹೋಗುವವರು ನಿಂತು ನೋಡುವರು. "ಏನ್ ನೋಡ್ತೀರಿ? ಅತ್ತಿ-ಸೊಸಿ ಮೂಗ ಒಂದ ಆಗ್ಯಾವು" ಎಂದು ಅತ್ತೆ ಅವರನ್ನು ಸಾಗಹಾಕುವರು. ತಪಕೀರು ಬಿಡುವುದೇ ಅವರಿಗೆ ದೊಡ್ಡ ಕಷ್ಟವಾಯಿತು. ಮೊದಮೊದಲು ತಲೆ ನೋವು, ಸಿಡಿಮಿಡಿ, ಮಗನ ಮೇಲೆ ಹರಿಹಾಯುವುದು. "ನಿನ್ನ ಸಲುವಾಗಿ ಏನೇನ್ ಬಿಡಬೇಕಾತೋ" ಎಂದು ನನ್ನ ಮೇಲೂ ಗೊಣಗಾಟ. ಡಬ್ಬಿಯನ್ನು ಬಚ್ಚಲ ಒಲೆಗೆ ಹಾಕಿದವರು ಮಾತ್ರ ಅವರೇ.

ಅತ್ತೆಯ ಮೂಗೂ ಸ್ವಚ್ಛವಾಯಿತು. ಮತ್ತೊಮ್ಮೆ ಇಬ್ಬರದೂ ನೋಡಿದರು, ಸ್ವಚ್ಛವಾಗಿಯೇ ಇತ್ತು. ಮೌಲಾಸಾಬರದೂ ಸ್ವಚ್ಛವಾಗಿತ್ತು. "ಬೀಗತನ ಮುರೀತು ಅಕ್ಕೋರ" ಎಂದು ಅವರು ಸುಳ್ಳುಸುಳ್ಳೇ ಮರುಗಿದರು.

ಧಾರವಾಡದಲ್ಲಿ ನನ್ನ ಎಡಗೈಗೆ ಆಪರೇಶನ್ ಆಯಿತು. ಗಾಯ ಮಾದು, ನಾಳ ಬಲಿಯುವವರೆಗೆ ಮೆತ್ತನೆಯ ಚೆಂಡು ಹಿಚುಕುತ್ತ ಕೂತೆ. ಕೊನೆಗೊಂದು ದಿನ ಆ ಕೈಗೇ ಸೂಜಿ ಹಾಕಿ ಡಯಾಲಿಸಿಸ್ ಮಾಡಿದರು. ಎಲ್ಲ ಸರಿಯಿದೆ ಎಂದಾದ ಮೇಲೆ ಎದೆಯ ಪೈಪು ತೆಗೆದರು. ಆ ದಿನ ಮನೆಗೆ ಬಂದು ತಲೆಯ ಮೇಲಿಂದ ನೀರು ಸುರಿದುಕೊಂಡ ಸುಖವನ್ನು ಹೇಳಿದರೆ, ಪೈಪು ಇಟ್ಟುಕೊಂಡು ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಂಡವರಿಗೆ ಮಾತ್ರ ತಿಳಿಯುತ್ತದೆ. ಈಗ ಶಾಲೆಗೆ ಹೋಗುತ್ತಿದ್ದೇನೆ. ಮೂಗಿನ ಪರೀಕ್ಷೆ ಆಗಾಗ ನಡೆಯುತ್ತದೆ. ಆ ಮೊಂಡ ಜಾತಿ ಮತ್ತೆ ಬಂದರೂ ಬರಬಹುದು ಎಂದು ಡಾಕ್ಟರು ಹೇಳಿದ್ದಾರೆ. ಬಂದರೆ ಮತ್ತೆ ಕಟ್ಟೆಯ ಮೇಲೆ ಕುಳಿತರಾಯಿತು.

ಫಿಸ್ಟುಲಾ ಆದ ಕೈಯನ್ನು ಮುಟ್ಟಿದರೆ ಒಳಗೆ ರಕ್ತ ಹರಿಯುವುದು ಬೆರಳಿಗೆ ಝುಂ ಎಂದು ತಿಳಿಯುತ್ತದೆ. ದಿನಾ ಮುಂಜಾನೆ ಅದನ್ನು ಮುಟ್ಟಿ ನೋಡಬೇಕು, ಝುಂ ಅನ್ನದಿದ್ದರೆ ಕೂಡಲೇ ಆಸ್ಪತ್ರೆಗೆ ಓಡಿ ಬರಬೇಕು ಎಂದು ರೇಣುಕಾ ಸಿಸ್ಟರ್ ಹೇಳಿಕೊಟ್ಟರು. ಜೊತೆಗೆ ಬಂದಿದ್ದ ಅತ್ತೆ ಕಿವಿಗೊಟ್ಟು ಕೇಳುತ್ತಿದ್ದರು.

"ನಾ ಮುಟ್ಟಬಹುದೇನವಾ?" ಎಂದು ಕೇಳಿದರು, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೇ.

"ಯಾಕ ಮುಟ್ಟಬಾರದ್ರಿ ಅಮ್ಮಾ? ಸಾಬಾಣ ಹಚ್ಚಿ ಕೈ ತೊಳಕೊಂಡ ಮುಟ್ರಿ."

ಅಂದಿನಿಂದ ಆ ಕೆಲಸ ಅತ್ತೆಯದು. ಪೂಜೆ ಮುಗಿಸಿ ಬಚ್ಚಲಿಗೆ ಹೋಗಿ ಮೊಣಕೈವರೆಗೆ ಸಾಬಾಣ ಹಚ್ಚಿ ತೊಳೆದು, ಕೈಯನ್ನು ಯಾವುದಕ್ಕೂ ತಾಗಿಸದೆ ಎತ್ತಿ ಹಿಡಿದುಕೊಂಡು ಬರುತ್ತಾರೆ. ನನ್ನ ಎಡಗೈಯ ಮೇಲೆ ಬೆರಳಿಟ್ಟು ಕಣ್ಣು ಮುಚ್ಚುತ್ತಾರೆ. ಝುಂ ಅನ್ನುವುದು ತಿಳಿಯಲು ಒಂದು ಕ್ಷಣ ಸಾಕು. ಅವರು ಬೇಗ ಕೈ ತೆಗೆಯುವುದಿಲ್ಲ, ನಾನೂ ಅವಸರ ಮಾಡುವುದಿಲ್ಲ.

"ಹರಿಯಾಕ ಹತ್ತೇತಿ," ಎನ್ನುತ್ತಾರೆ ಕಣ್ಣು ತೆರೆದು. "ಹೋಗಿ ಬಾ."